ಡೊಮೇನ್ ಕೊಂಡರೆ ಹೆಸರೂ ನಮ್ಮದಾಗುತ್ತಾ?

ಪ್ರಶ್ನೆ: ಸರ್, ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವರ್ಷ ಏಳು ಡೊಮೇನ್ (ವೆಬ್‌ಸೈಟ್ ವಿಳಾಸದ ಹೆಸರು) ಕೊಂಡು, ಸದ್ಯಕ್ಕೆ ಜಾಹೀರಾತು ಪುಟ ಹಾಕಿದ್ದೇನೆ. ನಾಲ್ಕರಲ್ಲಿ ದೊಡ್ಡ ಮೊಬೈಲ್, ಬೈಕ್ ಕಂಪನಿಗಳ ಹೆಸರಿನ ಮುಂದೆ 'ಬಳ್ಳಾರಿ' ಸೇರಿಸಿದ್ದೇನೆ. ಒಂದು, ನಮ್ಮ ಓಣಿಯಲ್ಲೇ ಜೀನ್ಸ್ ಹೊಲಿಸಿ ಮಾರುವವರ ಲೇಬಲ್ ಹೆಸರು. ಉಳಿದೆರಡು 'ಬಳ್ಳಾರಿ ಜೀನ್ಸ್', 'ರಾಯಚೂರು ಅಕ್ಕಿ' ಥರದವು. ಜೀನ್ಸ್‌ನವರಿಗೆ ವಾಟ್ಸಾಪ್ ಮಾಡಿ ಐವತ್ತು ಸಾವಿರ ಕೇಳೋಣ ಅಂತಿದ್ದೇನೆ. ಮನೆ ಕಟ್ಟೋ ಸೈಟ್ ಕೊಂಡು ಮಾರಿದ ಹಾಗೇ ಅಲ್ವಾ ಇದು?
– ಓದುಗರು, ಬಳ್ಳಾರಿ

ಉತ್ತರ: ಆ ವಾಟ್ಸಾಪ್ ಮೆಸೇಜ್ ಇನ್ನೂ ಕಳಿಸಿಲ್ಲ ತಾನೇ? ದಯವಿಟ್ಟು ಕಳಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ಸೈಟ್ ಕೊಳ್ಳುವ ಮುಂಚೆ ಖಾತೆ ಯಾರ ಹೆಸರಲ್ಲಿದೆ, ಇ.ಸಿ.ಯಲ್ಲಿ (ಋಣಭಾರ ಪತ್ರ) ಏನಿದೆ ಅಂತ ನೋಡುತ್ತೀರಿ. ಡೊಮೇನ್ ಮಾರುವವರು ಅದ್ಯಾವುದನ್ನೂ ನೋಡುವುದಿಲ್ಲ. ಮೊದಲು ದುಡ್ಡು ಕಟ್ಟಿದವರಿಗೆ ಕೊಡುತ್ತಾರೆ, ಅಷ್ಟೇ. ರಸೀದಿ ನಿಮ್ಮದಾದರೂ ಹೆಸರಿನ ಹಕ್ಕು ಬೇರೆಯವರದ್ದೇ ಆಗಿರಬಹುದು.

ನಮ್ಮ ದೇಶದಲ್ಲಿ ಇದಕ್ಕೆಂದೇ ಬೇರೆ ಕಾಯ್ದೆ ಇಲ್ಲ. ಆದರೆ ವ್ಯಾಪಾರದ ಹೆಸರು, ಗುರುತುಗಳನ್ನು (ಟ್ರೇಡ್‌ಮಾರ್ಕ್) ಕಾಯುವ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಸಾಕು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥದ್ದೇ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಊರ ಹೆಸರು ಸೇರಿಸಿದರೆ ಬಚಾವು ಅಂದುಕೊಂಡಿದ್ದರೆ ಅದೂ ಇಲ್ಲ. 'ಯಾಹೂ ಇಂಡಿಯಾ' ಅಂತ ಡೊಮೇನ್ ಇಟ್ಟುಕೊಂಡವರನ್ನು ದೆಹಲಿ ಹೈಕೋರ್ಟ್ 1999ರಲ್ಲೇ ತಡೆಯಿತು. ನಿಮ್ಮ 'ಬಳ್ಳಾರಿ'ಯೂ ಅಲ್ಲಿಯ 'ಇಂಡಿಯಾ' ಥರಾನೇ.

ಈಗ ಮೆಸೇಜ್ ವಿಷಯ. ಡಾಟ್ ಇನ್ ಡೊಮೇನ್‌ಗಳ ತಕರಾರನ್ನು, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ನಿಯಮದ ಪ್ರಕಾರ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಹೆಸರಿನ ನಿಜವಾದ ಒಡೆಯರಿಗೇ ಖರ್ಚಿಗಿಂತ ಜಾಸ್ತಿ ಬೆಲೆಗೆ ಮಾರಬೇಕು ಅಂತಲೇ ಕೊಂಡಿದ್ದರೆ, ಅದು ಕೆಟ್ಟ ಉದ್ದೇಶ ಅಂತ ಆ ನಿಯಮದಲ್ಲೇ ಬರೆದಿದೆ. ಡಾಟ್ ಕಾಂ ನಿಯಮವೂ ಇದನ್ನೇ ಹೇಳುತ್ತದೆ. ಅಂದರೆ 'ಐವತ್ತು ಸಾವಿರ ಕೊಡಿ' ಅನ್ನುವ ನಿಮ್ಮ ಮೆಸೇಜೇ ನಿಮ್ಮ ವಿರುದ್ಧದ ಸಾಕ್ಷಿ. ಅವರು ಒಂದು ಸ್ಕ್ರೀನ್‌ಶಾಟ್ ತೆಗೆದರೆ ಮುಗೀತು. ಡೊಮೇನ್ ಹೋಗುತ್ತದೆ, ಕಟ್ಟಿದ ದುಡ್ಡೂ ಹೋಗುತ್ತದೆ. ದೊಡ್ಡ ಕಂಪನಿಯವರು ಕೋರ್ಟಿಗೇ ಹೋದರೆ ಕಷ್ಟ ಇನ್ನೂ ಜಾಸ್ತಿ. ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದವರು ತಾವು ವ್ಯಾಪಾರ ಮಾಡುವ ಊರಲ್ಲೇ ದಾವೆ ಹೂಡಬಹುದು. ನೀವು ಬಳ್ಳಾರಿಯಿಂದ ದೆಹಲಿಗೋ ಮುಂಬೈಗೋ ಓಡಾಡಬೇಕಾಗುತ್ತದೆ.

ನನಗೆ ನಿಜವಾಗಿ ಬೇಸರ ತಂದದ್ದು ಆ ಜೀನ್ಸ್ ಲೇಬಲ್. 'ಅವರು ರಿಜಿಸ್ಟರ್ ಮಾಡಿಸಿಲ್ಲವಲ್ಲ' ಅಂತ ನಿಮಗೆ ಅನಿಸಿರಬಹುದು. ರಿಜಿಸ್ಟರ್ ಆಗದ ಹೆಸರಿಗೂ ಕಾನೂನಿನ ಆಸರೆ ಇದೆ. ಒಬ್ಬರು ಬೆಳೆಸಿದ ಹೆಸರನ್ನು ಇನ್ನೊಬ್ಬರು ತನ್ನದೆಂದು ತೋರಿಸಿ ಗಿರಾಕಿಗಳ ದಾರಿ ತಪ್ಪಿಸಬಾರದು. ಇಂಥದ್ದೇ ತಕರಾರಿನಲ್ಲಿ ಒಬ್ಬ ಮಾಲೀಕರು ನನ್ನ ಮೇಜಿನ ಮೇಲೆ ಹಳೇ ಬಿಲ್ ಪುಸ್ತಕಗಳನ್ನು ತಂದಿಟ್ಟಿದ್ದರು. ಕಾರ್ಬನ್ ಪ್ರತಿಗಳ ಅಕ್ಷರ ಮಾಸಿತ್ತು. ಜೊತೆಗೆ ಲಾರಿ ಪಾರ್ಸೆಲ್ ಚೀಟಿಗಳ ಕಟ್ಟು, ಪ್ಯಾಂಟಿನ ಸೊಂಟಕ್ಕೆ ಹೊಲಿಯುವ ಲೇಬಲ್‌ನ ಸುರುಳಿ. ಎಲ್ಲದರಲ್ಲೂ ಒಂದೇ ಹೆಸರು. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರು ಅಂದರೆ ಅದು. ಹೊರಗಿನ ವ್ಯಾಪಾರಿ ಆ ಹೆಸರು ಟೈಪ್ ಮಾಡಿದಾಗ ನಿಮ್ಮ ಜಾಹೀರಾತು ಪುಟ ತೆರೆದರೆ, ಆರ್ಡರ್ ತಪ್ಪುವುದು ದಿನಾ ನಿಮಗೆ ಎದುರಾಗುವ ಆ ಮನೆಯವರಿಗೆ.

ಕಂಪನಿ ಹೆಸರಿನ ನಾಲ್ಕನ್ನು ಬೇರೆ ಯಾರಿಗಾದರೂ ಮಾರಿ ಕೈ ತೊಳೆದುಕೊಳ್ಳಲೂ ಹೋಗಬೇಡಿ. ಕೊಂಡವನು 'ಡೀಲರ್‌ಶಿಪ್ ಕೊಡ್ತೀವಿ, ಅಡ್ವಾನ್ಸ್ ಹಾಕಿ' ಅಂತ ನಕಲಿ ಪುಟ ಮಾಡಿದರೆ ಯಾರೋ ಪಾಪದವರ ಉಳಿತಾಯ ಹೋಗುತ್ತದೆ. ಹಾಗೆ ವೇಷ ಹಾಕಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು. ಹೆಸರು ಮಾರಿದ್ದು ಯಾರು ಅಂತ ಪೊಲೀಸರು ನಿಮ್ಮನ್ನೂ ಹುಡುಕಿಕೊಂಡು ಬರಬಹುದು. ಅವುಗಳ ಜಾಹೀರಾತು ಪುಟ ಇವತ್ತೇ ತೆಗೆದುಹಾಕಿ, ಆಟೋ ರಿನ್ಯೂವಲ್ ಬಂದ್ ಮಾಡಿ, ಅವಧಿ ಮುಗಿಯಲಿ. ಅಷ್ಟರೊಳಗೆ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ. ಡಾಟ್ ಕಾಂ ತಕರಾರಿಗೆ ಉತ್ತರ ಕೊಡಲು 20 ದಿನ ಮಾತ್ರ ಇರುತ್ತದೆ.

ಉಳಿದೆರಡು ಸಾಮಾನ್ಯ ಪದಗಳು, ಇಟ್ಟುಕೊಳ್ಳಿ, ಮಾರಿ, ತೊಂದರೆ ಕಾಣಿಸುತ್ತಿಲ್ಲ. ಇದೇ ಧೈರ್ಯದಲ್ಲಿ ಕಿನ್ನಾಳ ಗೊಂಬೆಯ ಹೆಸರಿಗೆ ಮಾತ್ರ ಕೈ ಹಾಕಬೇಡಿ. ಅದಕ್ಕೆ ಜಿಐ (ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರಿನ ಜೊತೆ ಬೆಸೆದ ವಸ್ತುವಿಗೆ ಸಿಗುವ) ಮಾನ್ಯತೆ ಇದೆ, ಆ ಹೆಸರು ಅಲ್ಲಿಯ ಕುಶಲಕರ್ಮಿಗಳದ್ದು.

ಜೀನ್ಸ್‌ನವರ ಹತ್ತಿರ ನೀವೇ ಹೋಗಿ. ಡೊಮೇನ್ ರಸೀದಿ ತೋರಿಸಿ, ಕಟ್ಟಿದ ಅಸಲು ಮಾತ್ರ ತೆಗೆದುಕೊಂಡು ಅವರ ಹೆಸರಿಗೆ ವರ್ಗಾಯಿಸಿ. ವೆಬ್‌ಸೈಟ್ ಮಾಡಿಕೊಡಲಾ ಅಂತ ಕೇಳಿ, ಆ ಕೆಲಸಕ್ಕೆ ನ್ಯಾಯವಾದ ಮಜೂರಿ ಪಡೆಯಿರಿ. ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಲೂ ಹೇಳಿ. ಬಟ್ಟೆ 25ನೇ ವರ್ಗದಲ್ಲಿ ಬರುತ್ತದೆ. ಒಬ್ಬರೇ ಮಾಲೀಕರಿದ್ದರೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ, ಆದರೆ ಬಳ್ಳಾರಿಯಲ್ಲಿ ಕೂತೇ ಹಾಕಬಹುದು.