ದಿನಾ ಐದು ಕಿಲೋಮೀಟರ್ ನಡೆಯುವವರಿಗೆ ಅಂಗವೈಕಲ್ಯ ಪಿಂಚಣಿಯೇ?

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ನಮ್ಮ ಬೀದಿಯಲ್ಲಿ ಇಬ್ಬರು ಮಾಜಿ ಸೈನಿಕರಿದ್ದಾರೆ. ಒಬ್ಬರು ಸುಬೇದಾರ್ ಆಗಿ ನಿವೃತ್ತರಾದವರು. ಬೆಳಗಾದರೆ ಕೆರೆ ಏರಿಯ ಮೇಲೆ ಐದು ಕಿಲೋಮೀಟರ್ ನಡೆಯುತ್ತಾರೆ, ತೋಟದಲ್ಲಿ ಗುದ್ದಲಿ ಹಿಡಿಯುತ್ತಾರೆ. ಅವರಿಗೆ ಶೇ. 30ರ ಅಂಗವೈಕಲ್ಯವಂತೆ, ಪಿಂಚಣಿ ಬರುತ್ತದಂತೆ. ಇನ್ನೊಬ್ಬರು ಎಂಟು ವರ್ಷ ಸಿಪಾಯಿಯಾಗಿದ್ದವರು. ಮೂರ್ಛೆ ಬರುತ್ತದೆಂದು ಸೇನೆ ಅವರನ್ನು ಮನೆಗೆ ಕಳಿಸಿತು. ಅವರಿಗೆ ಚಿಕ್ಕಾಸಿಲ್ಲ. ಸುಳ್ಳು ಹೇಳಿದವರಿಗೆ ಹಣ, ನಿಜ ಹೇಳಿದವರಿಗೆ ಬರಿಗೈ. ಇದನ್ನು ಕೇಳುವವರೇ ಇಲ್ಲವೇ?"

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅದರಲ್ಲಿ ಅರ್ಧ ತಪ್ಪು ವಿಳಾಸಕ್ಕೆ ಹೋಗಿದೆ. ಸುಬೇದಾರರ ನಡಿಗೆಯಿಂದ ಏನೂ ಸಾಬೀತಾಗುವುದಿಲ್ಲ. ಸಿಪಾಯಿಯ ಬರಿಗೈಗೆ ಮಾತ್ರ ಕಾನೂನಿನಲ್ಲಿ ಮದ್ದಿದೆ.

ಗೊಂದಲ ಶುರುವಾಗುವುದೇ 'ಅಂಗವೈಕಲ್ಯ' ಎಂಬ ಪದದಿಂದ. ಅದನ್ನು ಕೇಳಿದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಊರುಗೋಲು. ಸೇನೆಯ ಲೆಕ್ಕವೇ ಬೇರೆ. ಸೇವೆಗೆ ಸೇರುವಾಗ ಇಲ್ಲದ, ಬಿಡುವಾಗ ಇರುವ ರೋಗ ಅಥವಾ ಗಾಯ ಯಾವುದು, ಅದು ಸೇವೆಯಿಂದ ಬಂತೇ ಅಥವಾ ಸೇವೆಯಿಂದ ಉಲ್ಬಣಿಸಿತೇ, ಶೇಕಡಾ ಎಷ್ಟು ಎಂದು ಮೆಡಿಕಲ್ ಬೋರ್ಡ್ ಬರೆಯುತ್ತದೆ. ಪಿಂಚಣಿಗೆ ಕನಿಷ್ಠ ಶೇ. 20 ಇರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಕಿವುಡು, ಬೆನ್ನುಮೂಳೆಯ ಸವೆತ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ನಿವೃತ್ತಿಯ ಬೋರ್ಡುಗಳಲ್ಲಿ ರಕ್ತದೊತ್ತಡಕ್ಕೆ 'ಶೇ. 30, ಜೀವನಪರ್ಯಂತ' ಎಂದು ಬರೆಯುವುದು ಬಹುಕಾಲ ವಾಡಿಕೆಯಾಗಿತ್ತು. ನಿಮ್ಮ ಸುಬೇದಾರರದೂ ಅದೇ ಇದ್ದೀತು. ಬಿಪಿ ಇರುವವರಿಗೆ ವೈದ್ಯರು ಹೇಳುವ ಮೊದಲ ಮಾತೇ ದಿನಾ ನಡೆಯಿರಿ ಎಂದು!

ಇದು ದಿವ್ಯಾಂಗರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ರಕ್ತದೊತ್ತಡ ಇಲ್ಲ, ಆ ಕಾಯ್ದೆಯ ಮೀಸಲಾತಿಗೆ ಬೇಕಾದದ್ದು ಶೇ. 40. ಸೇನೆಯ ಬೋರ್ಡಿನ ಕಾಗದ ತೋರಿಸಿ ಯಾರಾದರೂ ಬಿಪಿಗೆ ದಿವ್ಯಾಂಗ ಮೀಸಲಾತಿ ಕೇಳಿದರೆ ಆಗ ನಿಮ್ಮ ಅನುಮಾನ ಸರಿ.

ಹಣದ ಲೆಕ್ಕವನ್ನೂ ನೋಡೋಣ. ಹವಾಲ್ದಾರರೊಬ್ಬರ ಕೊನೆಯ ವೇತನ, ಮಿಲಿಟರಿ ಸರ್ವಿಸ್ ಪೇ ಸೇರಿ, 50,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಮೂಲಿ ಪಿಂಚಣಿ ಅರ್ಧ, ಅಂದರೆ 25,000. ಅಂಗವೈಕಲ್ಯದ ಭಾಗ ಪ್ರತ್ಯೇಕ. ಶೇ. 100ರ ವೈಕಲ್ಯಕ್ಕೆ ವೇತನದ ಶೇ. 30, ಅಂದರೆ 15,000. ಶೇ. 30ರ ವೈಕಲ್ಯಕ್ಕೆ ಅದರ ಶೇ. 30, ಅಂದರೆ 4,500. ಇಲ್ಲಿಗೆ ಮುಗಿಯುವುದಿಲ್ಲ. 'ಬ್ರಾಡ್ ಬ್ಯಾಂಡಿಂಗ್' ಎಂಬ ಏರಿಕೆ ಇದೆ: 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರವರೆಗೆ ಇದ್ದರೆ 75, ಅದಕ್ಕೂ ಮೇಲಿದ್ದರೆ 100 ಎಂದು ಎಣಿಸುವುದು. ಈ ಸವಲತ್ತು ಮೊದಲು ರೋಗ ಅಥವಾ ಗಾಯದ ಕಾರಣಕ್ಕೆ ಅವಧಿಗೆ ಮುಂಚೆಯೇ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಇತ್ತು. ಪೂರ್ತಿ ಸೇವೆ ಮುಗಿಸಿ ವೈಕಲ್ಯದೊಂದಿಗೆ ನಿವೃತ್ತರಾದವರಿಗೂ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ನಮ್ಮ ಹವಾಲ್ದಾರರ 4,500 ಈಗ 7,500. ಅದರ ಮೇಲೆ ತುಟ್ಟಿಭತ್ಯೆ.

ಇದೇ ಬಿಪಿ, ಇದೇ ಶೇ. 30, ಎರಡು ಲಕ್ಷ ವೇತನದ ಅಧಿಕಾರಿಗೆ ಇದ್ದರೆ? 30,000. ರೋಗ ಒಂದೇ, ಮಾತ್ರೆಯೂ ಒಂದೇ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಕಣ್ಣಿಗೆ ಬಿದ್ದದ್ದೂ ಇದರ ಆಸುಪಾಸಿನದೇ. 2015–16ರಿಂದ 2019–20ರವರೆಗೆ ನಿವೃತ್ತರಾದ ಅಧಿಕಾರಿಗಳಲ್ಲಿ ನೂರಕ್ಕೆ 36ರಿಂದ 40 ಮಂದಿಗೆ ಅಂಗವೈಕಲ್ಯ ಪಿಂಚಣಿ ಸಿಕ್ಕಿತ್ತು. ಜವಾನರು ಮತ್ತು ಜೆಸಿಒಗಳಲ್ಲಿ (ಸುಬೇದಾರರಂಥ ದರ್ಜೆಯವರು) ನೂರಕ್ಕೆ 15ರಿಂದ 18. ಸಿಯಾಚಿನ್‌ನಲ್ಲೂ ಗಡಿರೇಖೆಯಲ್ಲೂ ಹೆಚ್ಚು ಕಾಲ ಕಳೆಯುವವರು ಯಾರು ಎಂದು ಯೋಚಿಸಿದರೆ ಈ ಅಂಕಿ ಉಲ್ಟಾ ಇರಬೇಕಿತ್ತು. ಅಧಿಕಾರಿಗಳು ನಿವೃತ್ತರಾಗುವ ವಯಸ್ಸು ಹೆಚ್ಚು, ಬಿಪಿ-ಶುಗರ್ ಬರುವುದೂ ಆ ವಯಸ್ಸಿಗೇ, ನಿಜ. ಆದರೆ ಅದೊಂದರಿಂದಲೇ ಇಷ್ಟು ಅಂತರ ಬಂದಿತು ಎಂದರೆ ನಮಗೆ ನಂಬಿಕೆ ಬರುವುದಿಲ್ಲ. ಆಡಿಟ್ ವರದಿ ಬೊಟ್ಟುಮಾಡಿದ ಕಾಯಿಲೆಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಜೀವನಶೈಲಿಯ ರೋಗಗಳೇ ಮುಂದಿದ್ದವು.

ಹಾಗಾದರೆ ಇವರೆಲ್ಲ ಮೋಸ ಮಾಡಿದವರೇ? ಇದಕ್ಕೆ ಉತ್ತರ ಬೇಕಾದರೆ ಬೋರ್ಡು ನಡೆಯುವ ರೀತಿ ತಿಳಿಯಬೇಕು. ನಮ್ಮಲ್ಲಿ ನಿವೃತ್ತ ಸೈನಿಕ ತಾನೇ ಅರ್ಜಿ ಬರೆದು, ಊರಿನ ಡಾಕ್ಟರ ಚೀಟಿ ಲಗತ್ತಿಸಿ ಅಂಗವೈಕಲ್ಯ ಪಡೆಯಲು ಆಗುವುದಿಲ್ಲ. ಸೇವೆಯಲ್ಲಿರುವ ಪ್ರತಿಯೊಬ್ಬರಿಗೂ 'ಶೇಪ್' ಎಂಬ ವೈದ್ಯಕೀಯ ದರ್ಜೆ ಇರುತ್ತದೆ: ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಈ ಐದಕ್ಕೂ ಒಂದೊಂದು ಅಂಕ. ಎಲ್ಲ ಸರಿ ಇದ್ದರೆ ಶೇಪ್-1. ರೋಗ ಕಂಡರೆ ಮೊದಲು ತಾತ್ಕಾಲಿಕವಾಗಿ, ಸಾಮಾನ್ಯವಾಗಿ 24 ವಾರಕ್ಕೆ, ದರ್ಜೆ ಇಳಿಸುತ್ತಾರೆ. ಗುಣವಾಗದಿದ್ದರೆ ಕಾಯಂ, ಎರಡು ವರ್ಷಕ್ಕೊಮ್ಮೆ ಮರುಪರೀಕ್ಷೆ. ಕೊನೆಗೆ ಬಿಡುಗಡೆಯ ಹೊತ್ತಿಗೆ, ದರ್ಜೆ ಇಳಿದವರಿಗೆ ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯಲ್ಲಿ ರಿಲೀಸ್ ಮೆಡಿಕಲ್ ಬೋರ್ಡ್. ಸಹಿ ಹಾಕುವವರು ಸೇನೆಯ ವೈದ್ಯರೇ. ಆದ್ದರಿಂದ ಪೂರಾ ಸುಳ್ಳು ರೋಗ ಸೃಷ್ಟಿಸಬೇಕಾದರೆ ಒಬ್ಬ ಸೈನಿಕನಿಂದ ಆಗುವ ಕೆಲಸವಲ್ಲ, ತಜ್ಞ ವೈದ್ಯನೂ ಬೋರ್ಡೂ ಕೈಜೋಡಿಸಬೇಕು.

ನಟನೆಗೆ ಜಾಗ ಇರುವುದು ರೋಗಿಯ ಬಾಯಿಮಾತನ್ನೇ ನೆಚ್ಚಬೇಕಾದ ತೊಂದರೆಗಳಲ್ಲಿ. ಕಿವಿಯನ್ನೇ ತೆಗೆದುಕೊಳ್ಳಿ. ಆಡಿಯೋಮೆಟ್ರಿಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ಕೇಳಿದರೂ ಒತ್ತದೆ ಕೂತರೆ ಆಯಿತಲ್ಲ? ಆಗುವುದಿಲ್ಲ. ಫಿರಂಗಿ, ರೈಫಲ್‌ಗಳ ಸದ್ದಿಗೆ ಕೆಟ್ಟ ಕಿವಿಯ ಗ್ರಾಫ್ 4,000 ಹರ್ಟ್ಸ್ ಸುತ್ತ ಗುಂಡಿ ಬಿದ್ದಂತೆ ಕುಸಿದು, 8,000ದ ಹೊತ್ತಿಗೆ ಸ್ವಲ್ಪ ಮೇಲೇಳುತ್ತದೆ. ನಟಿಸುವವನಿಗೆ ಈ ಆಕಾರ ಗೊತ್ತಿರುವುದಿಲ್ಲ. ಅವನ ಗ್ರಾಫ್ ಬಹುಮಟ್ಟಿಗೆ ಎಲ್ಲ ಶ್ರುತಿಯಲ್ಲೂ ಒಂದೇ ಸಮ ಚಪ್ಪಟೆ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದರೆ ಅಂಕಿಗಳು 5–10 ಡೆಸಿಬೆಲ್ ಒಳಗೆ ಹೊಂದಬೇಕು. ಮನಸ್ಸಿನಲ್ಲೇ ಅಳೆದು ಒತ್ತುವವನಿಗೆ ಅದು ಸಾಧ್ಯವಾಗುವುದು ಕಷ್ಟ. ಮಾತು ಅರ್ಥವಾಗುವ ಮಟ್ಟಕ್ಕೂ ಶಬ್ದ ಕೇಳುವ ಮಟ್ಟಕ್ಕೂ ತಾಳೆಯಾಗಬೇಕು. ಇಷ್ಟಾದರೂ ಅನುಮಾನ ಉಳಿದರೆ 'ಬೆರಾ' ಪರೀಕ್ಷೆ: ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಬಿಟ್ಟು, ಶ್ರವಣನರದ ವಿದ್ಯುತ್ ಅಲೆಯನ್ನೇ ಅಳೆಯುವುದು. ಅಲ್ಲಿ ಗುಂಡಿಯೂ ಇಲ್ಲ, ಒತ್ತುವುದೂ ಇಲ್ಲ.

ಬೆನ್ನುನೋವು ಇನ್ನೂ ಜಟಿಲ. ಮಲಗಿಸಿ ಕಾಲು ನೇರ ಎತ್ತಿದಾಗ 30 ಡಿಗ್ರಿಗೇ ಅಯ್ಯೋ ಎಂದವನನ್ನು ಆಮೇಲೆ ಮಂಚದ ಅಂಚಿಗೆ ಕೂರಿಸಿ, ಮಂಡಿ ನೋಡುವ ನೆಪದಲ್ಲಿ ಅದೇ ಕಾಲನ್ನು ಚಾಚಿಸುತ್ತಾರೆ. ನರ ಎಳೆಯುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ. ಅಲ್ಲಿ ನೋವು, ಇಲ್ಲಿ ಇಲ್ಲ ಎಂದಾದರೆ ವೈದ್ಯರು ಹುಬ್ಬೇರಿಸುತ್ತಾರೆ. ಆದರೆ ಹುಬ್ಬೇರಿಸುವುದಕ್ಕಿಂತ ಮುಂದೆ ಹೋಗಬಾರದು. ಹೆದರಿದ ಮನುಷ್ಯ ನೋವನ್ನು ಹಿಗ್ಗಿಸಿ ತೋರಿಸುತ್ತಾನೆ, ನೋವೇ ಇಲ್ಲ ಎಂದು ಅದರರ್ಥವಲ್ಲ. ಎಂಆರ್‌ಐ ಕೂಡ ಪೂರ್ತಿ ಸಾಕ್ಷಿಯಲ್ಲ: ಡಿಸ್ಕ್ ಉಬ್ಬಿದ್ದರೂ ನೋವಿಲ್ಲದೆ ಓಡಾಡುವವರು ಬೇಕಾದಷ್ಟು ಮಂದಿ.

ಬಿಪಿಗೆ ಬಂದರೆ, 'ಬೋರ್ಡಿಗೆ ನಾಲ್ಕು ದಿನ ಮುಂಚೆ ಮಾತ್ರೆ ಬಿಟ್ಟುಬಿಡು' ಎಂಬ ಪುಕ್ಕಟೆ ಸಲಹೆ ಕೊಡುವವರಿದ್ದಾರೆ. ಇದು ದಡ್ಡತನ. ರೋಗನಿರ್ಣಯ ನಿಲ್ಲುವುದು ಹಲವು ಸಲದ ಅಳತೆ, ಇಸಿಜಿ, ಕಣ್ಣಿನ ಪರದೆ, ಮೂತ್ರದ ಆಲ್ಬುಮಿನ್, ಹಳೆಯ ದಾಖಲೆಗಳ ಮೇಲೆ. ಮಾತ್ರೆಯಿಂದ ಹತೋಟಿಯಲ್ಲಿದ್ದ ಮಾತ್ರಕ್ಕೆ ರೋಗ ಇಲ್ಲವೆಂದು ಆಗುವುದಿಲ್ಲ. ಮಾತ್ರೆ ಬಿಟ್ಟವನಿಗೆ ಹೆಚ್ಚುವರಿಯಾಗಿ ಸಿಗಬಹುದಾದದ್ದು ಪಾರ್ಶ್ವವಾಯು.

ನಮ್ಮ ಮಟ್ಟಿಗೆ ನಿಜವಾದ ಸಂಶಯ ಹುಟ್ಟಬೇಕಾದದ್ದು ತಾರೀಕುಗಳಲ್ಲಿ. ದರ್ಜೆ ಇಳಿದರೆ ಬಡ್ತಿಗೆ, ವಿದೇಶಿ ಪೋಸ್ಟಿಂಗಿಗೆ ಅಡ್ಡಿ. ಜವಾನನಿಗೆ ಎರಡು ವರ್ಷದ ಸೇವಾ ವಿಸ್ತರಣೆಗೂ ಕುತ್ತು. ಆದ್ದರಿಂದ ಎಷ್ಟೋ ಮಂದಿ ವರ್ಷಗಟ್ಟಲೆ ಬಿಪಿ ಮುಚ್ಚಿಟ್ಟು ಹೊರಗಿನ ಅಂಗಡಿಯಲ್ಲಿ ಮಾತ್ರೆ ಕೊಂಡು ನುಂಗುತ್ತಾರೆ. ಬಡ್ತಿಯ ಬಾಗಿಲು ಮುಚ್ಚಿದ ಮೇಲೆ, ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ, ರೋಗ 'ಪತ್ತೆ'ಯಾಗುತ್ತದೆ. ಕಾಗದ ನೋಡಿದವರಿಗೆ ಇದು ಪಿಂಚಣಿಗಾಗಿ ಹೂಡಿದ ಆಟದಂತೆ ಕಾಣುತ್ತದೆ. ಕೆಲವರ ವಿಷಯದಲ್ಲಿ ಆಟವೇ ಇದ್ದೀತು. ಹಲವರ ವಿಷಯದಲ್ಲಿ ಸುಳ್ಳು ಹೇಳಿದ್ದು ಮೊದಲ ಹತ್ತು ವರ್ಷ, ನಿಜ ಹೇಳಿದ್ದು ಕೊನೆಯ ಎರಡು ವರ್ಷ. ಈ ಎರಡು ಬಗೆಯವರನ್ನೂ ಬೇರ್ಪಡಿಸುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ.

2023ರ ಸೆಪ್ಟೆಂಬರ್ 21ರಂದು ರಕ್ಷಣಾ ಸಚಿವಾಲಯ ಹೊಸ ನಿಯಮ ತಂದು, ಅರ್ಧಕ್ಕೇ ಬಿಡುಗಡೆಯಾದವರನ್ನೂ ಪೂರ್ತಿ ಸೇವೆ ಮುಗಿಸಿದವರನ್ನೂ ಬೇರೆ ಬೇರೆ ಮಾಡಿತು. ಎರಡನೆಯವರಿಗೆ ಸಿಗುವುದಕ್ಕೆ ಈಗ 'ಇಂಪೇರ್‌ಮೆಂಟ್ ರಿಲೀಫ್' ಎಂದು ಹೆಸರು. ಇದು ಆ ದಿನದ ನಂತರ ಸೇವೆ ಬಿಟ್ಟವರಿಗೆ. ಹಳಬರಿಗೆ ಹಳೆಯ ನಿಯಮವೇ.

ಸುಬೇದಾರರ ಮೇಲೆ ದೂರು ಕೊಡಬೇಕೇ ಎಂದೂ ನೀವು ಕೇಳಿದ್ದೀರಿ. ಖೋಟಾ ಡಿಸ್ಚಾರ್ಜ್ ಪುಸ್ತಕ, ತಿದ್ದಿದ ಪಿಪಿಒ (ಪಿಂಚಣಿ ಪಾವತಿ ಆದೇಶ), ಬೇರೆಯವರ ಹೆಸರಿನ ದಾಖಲೆ, ಇಂಥದ್ದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅಥವಾ ಪಿಂಚಣಿ ಮಂಜೂರು ಮಾಡುವ ಪ್ರಯಾಗರಾಜ್‌ನ ಪಿಸಿಡಿಎ ಕಚೇರಿಗೆ ಬರೆಯಿರಿ. ಬರಿ 'ಗಟ್ಟಿಮುಟ್ಟಾಗಿ ಓಡಾಡುತ್ತಾರೆ' ಎಂಬುದಾದರೆ ಬೇಡ. ಅವರ ಬೋರ್ಡ್ ಕಾಗದವನ್ನು ಆರ್‌ಟಿಐ ಹಾಕಿ ಪಡೆಯಲು ಹೋದರೂ, ಇನ್ನೊಬ್ಬರ ಆರೋಗ್ಯದ ವಿವರ ಖಾಸಗಿ ಎಂದು ಕಲಂ 8(1)(ಜೆ) ಅಡಿ ವಾಪಸು ಬರುತ್ತದೆ.

ಇನ್ನು ಆ ಸಿಪಾಯಿಯ ವಿಷಯ. ಅವರ ಕಥೆಗೆ ತೀರಾ ಹತ್ತಿರದ್ದು ಧರಂವೀರ್ ಸಿಂಗ್ ಪ್ರಕರಣ. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಸಿಪಾಯಿ, 1994ರಲ್ಲಿ ಮೂರ್ಛೆಯ ಕಾರಣಕ್ಕೆ ಶೇ. 20ರ ವೈಕಲ್ಯ ಎಂದು ಬರೆಸಿಕೊಂಡು ಹೊರಬಿದ್ದವರು. ರೋಗ ಹುಟ್ಟಿನಿಂದ ಬಂದ ದೇಹಪ್ರಕೃತಿಯದು, ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡು ಬರೆಯಿತು, ಪಿಂಚಣಿ ಸಿಗಲಿಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕೇಳಿದ ಪ್ರಶ್ನೆ ಸರಳ: ಸೇರಿಸಿಕೊಳ್ಳುವಾಗ ನೀವೇ ಪರೀಕ್ಷಿಸಿ ಆರೋಗ್ಯವಂತ ಎಂದಿರಿ, ಈ ರೋಗದ ಟಿಪ್ಪಣಿ ಇಲ್ಲ, ಹಾಗಿದ್ದ ಮೇಲೆ ಸೇವೆಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಯಾರದು? ಸೇನೆಯದೇ. ಬೋರ್ಡು ಕಾರಣ ಕೊಟ್ಟಿರಲಿಲ್ಲ, ಸಿಪಾಯಿ ಗೆದ್ದರು. ಮರುವರ್ಷ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ, ರೋಗದ ಕಾರಣಕ್ಕೆ ಮನೆಗೆ ಕಳಿಸಿದ ಮೇಲೆ ಅದು ಶೇ. 20ಕ್ಕಿಂತ ಹೆಚ್ಚಿನದು ಎಂದೇ ಭಾವಿಸಬೇಕು ಎಂದಿತು ಕೋರ್ಟು.

ಎಲ್ಲರೂ ಗೆಲ್ಲುವುದಿಲ್ಲ. 2015ರಲ್ಲಿ ವಿಜಯ್ ಕುಮಾರ್ ಎಂಬ ಯೋಧ ಸೋತರು: ರಜೆಯಲ್ಲಿ ಅಕ್ಕತಂಗಿಯ ಮನೆಗೆ ಹೋಗಿದ್ದಾಗ ಮಹಡಿಗೆ ಧೂಮಪಾನಕ್ಕೆಂದು ಹೋಗಿ ಬಿದ್ದದ್ದಕ್ಕೂ ಸೈನಿಕ ಸೇವೆಗೂ ನಂಟಿಲ್ಲ ಎಂದು. 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ, ಸೇರುವಾಗಿನ ಪರೀಕ್ಷೆಯಲ್ಲಿ ಸ್ಕಿಜೋಫ್ರೇನಿಯಾದಂಥ ಮನೋರೋಗ ಹಿಡಿಯಲಾಗದು, ಬೋರ್ಡಿನ ಅಭಿಪ್ರಾಯವನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದು ಎಂದಿತು ಅದೇ ಕೋರ್ಟು.

ನಿಮ್ಮ ನೆರೆಯವರು ಮೊದಲು ಮಾಡಬೇಕಾದದ್ದು ಕಾಗದ ತರಿಸುವುದು. 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಸೇನಾ ಸಂಖ್ಯೆ ಬರೆದು ರೆಕಾರ್ಡ್ ಆಫೀಸಿನಿಂದ ಮೂರು ಕೇಳಲಿ: ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ಪ್ರತಿ, ಬಿಡುಗಡೆಯ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಪಿಂಚಣಿ ತಿರಸ್ಕರಿಸಿದ ಪತ್ರ. ತಮ್ಮದೇ ಕಾಗದವಾದ್ದರಿಂದ ಖಾಸಗಿತನದ ಅಡ್ಡಿ ಇಲ್ಲ. ತಡಮಾಡಬಾರದು: ಪಿಂಚಣಿ ಇಲ್ಲದವರ ಸೇವಾ ದಾಖಲೆಯನ್ನು 25 ವರ್ಷದ ನಂತರ ನಾಶಪಡಿಸುತ್ತಾರೆ. ಬೋರ್ಡಿನ ಕಾಗದದಲ್ಲಿ 'ಸೇವೆಗೆ ಸಂಬಂಧವಿಲ್ಲ' ಎಂಬುದರ ಮುಂದೆ ಕಾರಣ ಬರೆದಿದ್ದಾರೆಯೇ ನೋಡಲಿ. ಒಂದೇ ಸಾಲಿನ ಸಿದ್ಧವಾಕ್ಯ ಇದ್ದರೆ ಅದೇ ಅವರ ಬಲವಾದ ದಾಖಲೆ. ಮೂರ್ಛೆ ಮೊದಲು ಬಂದದ್ದು ಯಾವ ಠಾಣೆಯಲ್ಲಿ, ಸೇರಿ ಎಷ್ಟು ವರ್ಷಕ್ಕೆ, ತಲೆಗೆ ಪೆಟ್ಟಾಗಿತ್ತೇ ಎಂಬುದನ್ನು ತಾರೀಕಿನ ಸಮೇತ ಬರೆದಿಡಲಿ.

ಆಮೇಲೆ ಮೇಲ್ಮನವಿ, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರು ಹೋಗಬೇಕಾದದ್ದು ಕೊಚ್ಚಿಯ ಪೀಠಕ್ಕೆ. ಇಷ್ಟು ವರ್ಷ ತಡವಾಯಿತಲ್ಲ ಎಂದು ಹೆದರಬೇಕಿಲ್ಲ; ಪಿಂಚಣಿ ತಿಂಗಳು ತಿಂಗಳು ತಪ್ಪುವ ಹಕ್ಕಾದ್ದರಿಂದ ವಿಳಂಬವನ್ನು ಮನ್ನಿಸುವುದುಂಟು. ಆದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷದ್ದು ಮಾತ್ರ. ಈ ತಿಂಗಳು ಹಾಕುವ ಬದಲು ಮುಂದಿನ ತಿಂಗಳು ಹಾಕಿದರೆ ಒಂದು ತಿಂಗಳ ಬಾಕಿ ಕೈಬಿಟ್ಟಂತೆ.

— ಸಂಪಾದಕ