ರಿಜಿಸ್ಟರಲ್ಲಿ 11 ಜನ, ಊಟಕ್ಕೆ ಬರೋದು ನಾಲ್ಕೇ ಜನ

ಪ್ರಶ್ನೆ: ಅಕ್ಕ, ನಾನು ಅಂಗನವಾಡಿ ಟೀಚರ್. ನಮ್ಮ ರಿಜಿಸ್ಟರಲ್ಲಿ 11 ಗರ್ಭಿಣಿಯರ ಹೆಸರಿದೆ, ಸರ್ಕಾರದ ಮಾತೃಪೂರ್ಣ ಯೋಜನೆ ಊಟಕ್ಕೆ ಅಂಗನವಾಡಿಗೆ ದಿನಾ ಬರೋದು ನಾಲ್ಕೇ ಜನ. ತಿಂಗಳ 9ನೇ ತಾರೀಕು ಪಿಎಚ್‌ಸಿ ಚೆಕಪ್ಪಿಗೂ ಅಷ್ಟೇ, ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕರೆದ್ರೆ "ಬರ್ತೀವಿ ಹೋಗಮ್ಮ" ಅಂತಾರೆ, ಬರಲ್ಲ. ಎಲ್ಲಾ ಫ್ರೀ ಕೊಟ್ರೂ ಯಾಕೆ ಹೀಗೆ? ಮೀಟಿಂಗಲ್ಲಿ ಬೈಸ್ಕೊಳೋದು ಮಾತ್ರ ನಾನು.
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಟೀಚರ್, ಫ್ರೀ ಅಂದ್ರಲ್ಲ, ಅವರಿಗೆ ಅದು ಫ್ರೀ ಅಲ್ಲ ಕಣ್ರಿ. ನಾನು ಸಬ್ ಸೆಂಟರಲ್ಲಿ ಸಿಸ್ಟರ್ ಆಗಿ ವರ್ಷಾನುಗಟ್ಲೆ ಕೆಲಸ ಮಾಡಿದೋಳು, ಅದಕ್ಕೇ ಹೇಳ್ತಿದೀನಿ. ಚೆಕಪ್ ಅಂದ್ರೆ ಅವಳ ಒಂದಿನದ ಕೂಲಿ ಹೋಯ್ತು, ಜೊತೆಗೆ ಬರೋರದ್ದೂ ಹೋಯ್ತು, ಮೇಲೆ ಆಟೋ ಚಾರ್ಜು. ಊಟದ ವಿಷ್ಯಾನೂ ಹಂಗೇ. 2017ರ ಅಕ್ಟೋಬರ್ 2ಕ್ಕೆ ಮಾತೃಪೂರ್ಣ ಶುರುವಾದಾಗ ಬಿಸಿ ಊಟ, ಮೊಟ್ಟೆ, ಹಾಲು ಅಂತ ನಮಗೆಲ್ಲ ಎಷ್ಟು ಖುಷಿ ಆಗಿತ್ತು, ಕೇಂದ್ರದಲ್ಲೇ ಕೂತು ಉಣ್ಣಬೇಕು ಅಂತ ಮಾಡಿದ್ದೂ ಸರಿನೇ, ಮನೆಗೆ ಕಳಿಸಿದ್ರೆ ಆ ಮೊಟ್ಟೆ ಅವಳ ಬಾಯಿಗೆ ಹೋಗಲ್ಲ ಮಕ್ಕಳಿಗೆ ಹೋಗತ್ತೆ, ಆದ್ರೆ ಏಳು ತಿಂಗಳ ಬಸುರಿ ತೋಟದ ಮನೆಯಿಂದ ಮಟಮಟ ಮಧ್ಯಾಹ್ನ ನಡ್ಕೊಂಡು ಬಂದು ಉಂಡು ವಾಪಸ್ ನಡೀಬೇಕು ಅಂದ್ರೆ ಅವಳು ಎಷ್ಟು ದಿನ ಬಂದಾಳು ಹೇಳಿ.

ಆ ಏಳು ಜನರ ಹೆಸರು ಒಂದೊಂದೇ ಬರ್ಕೊಂಡು ನೋಡಿ. ಒಬ್ಬಿಬ್ರು ಸೀಮಂತ ಮುಗಿಸ್ಕೊಂಡು ತವರಿಗೆ ಹೋಗಿರ್ತಾರೆ. ಅವರಿಗೆ ತಾಯಿ ಕಾರ್ಡ್ ಕೈಲಿ ಕೊಟ್ಟು ಕಳಿಸಿದ್ರಾ? ಕಾರ್ಡ್ ಇದ್ರೆ ಅಲ್ಲಿ ಸಿಸ್ಟರಿಗೆ ಹಿಂದಿನ ಬಿಪಿ, ರಕ್ತ, ಇಂಜೆಕ್ಷನ್ ಎಲ್ಲಾ ಗೊತ್ತಾಗತ್ತೆ. ಇನ್ನೊಬ್ಬಳ ಮನೇಲಿ ಅಡುಗೆ ಮಾಡೋರು ಯಾವ ಜಾತಿ ಅಂತ ಕೇಳ್ತಾರೆ. ಬಸುರಿ ಹೆಂಗಸಿನ ತಟ್ಟೆ ಮುಂದೆ ಇದನ್ನ ತರೋದು ನನಗೆ ಇವತ್ತಿಗೂ ಸಂಕಟ. ಮೂರು ತಿಂಗಳು ತುಂಬೋವರೆಗೂ ದೃಷ್ಟಿ ಆಗತ್ತೆ ಅಂತ ಯಾರಿಗೂ ಹೇಳದೇ ಇರೋ ಮನೆಗಳೂ ಇದಾವೆ, ಹಂಗಾಗಿ 12 ವಾರದೊಳಗೆ ಆಗಬೇಕಿದ್ದ ಮೊದಲ ಚೆಕಪ್ ಐದನೇ ತಿಂಗಳಿಗೆ ಹೋಗತ್ತೆ.

ಆದ್ರೆ ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಂಡಿದ್ದು ಏನಂದ್ರೆ ತೀರ್ಮಾನ ಅವಳ ಕೈಲಿ ಇರಲ್ಲ, ಅತ್ತೆ ಕೈಲೋ ಗಂಡನ ಕೈಲೋ ಇರತ್ತೆ, ನಾವು ಮಾತ್ರ ಅವಳನ್ನೇ ಕರೀತೀವಿ ಅವಳನ್ನೇ ಬೈತೀವಿ. ಒಂದ್ಸಲ ಒಬ್ಬ ಹುಡುಗಿಗೆ ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿತ್ತು, 11 ಇರಬೇಕು. ಮನೆಗೆ ಹೋದ್ರೆ ನಾನು ಕೊಟ್ಟ ಕಬ್ಬಿಣದ ಮಾತ್ರೆಯೆಲ್ಲ ಅಕ್ಕಿ ಡಬ್ಬದ ಹಿಂದೆ ಹಂಗೇ ಇದಾವೆ, ಒಂದು ಶೀಟೂ ಒಡೆದಿಲ್ಲ. ಮಾತ್ರೆ ತಿಂದ್ರೆ ಮಗು ಕಪ್ಪಾಗತ್ತೆ ಅಂತ ಅತ್ತೆ ಹೇಳಿದ್ರಂತೆ. ನಾನು ಹುಡುಗೀನ ಬಿಟ್ಟು ಜಗಲಿ ಮೇಲೆ ಆ ಅಜ್ಜಿ ಪಕ್ಕ ಕೂತೆ, ಅವರು ಅವರೆಕಾಯಿ ಸುಲೀತಿದ್ರು, ನಾನೂ ಸುಲಿದೆ. "ನಾವೇನ್ ಮಾತ್ರೆ ನುಂಗಿ ಹೆತ್ತ್ವಾ" ಅಂದ್ರು. "ಎಷ್ಟು ಹೆತ್ರಿ ಅಜ್ಜಿ" ಅಂದೆ. "ಏಳು." ಸ್ವಲ್ಪ ಹೊತ್ತು ಬಿಟ್ಟು ಅವರೇ "ನಾಕು ಉಳಿದ್ವು" ಅಂದ್ರು. ನಾನು ಏನೂ ಹೇಳಲಿಲ್ಲ. ಮುಂದಿನ ಚೆಕಪ್ಪಿಗೆ ಅಜ್ಜಿ ಬರಲಿಲ್ಲ, ಆದ್ರೆ ಮಗನ ಬೈಕಲ್ಲಿ ಸೊಸೇನ ಕಳಿಸಿದ್ರು.

ಮಾತ್ರೆ ಕೊಡೋವಾಗ ಮಲ ಕಪ್ಪಗೆ ಹೋಗತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿ, ಟೀ ಜೊತೆ ಬೇಡ ಅಂತಾನೂ ಹೇಳಿ. ಬಸುರಿಯರಿಗೆ ಸರ್ಕಾರ ಕೊಡೋ ಮಾತೃವಂದನಾ ದುಡ್ಡು ಒಂದ್ಸಲ ಕರ್ಕೊಂಡು ಬರಬಹುದು, ಆದ್ರೆ ಹೋದ ಸಲ ಕ್ಯೂನಲ್ಲಿ ಎಲ್ಲರ ಮುಂದೆ "ಇಷ್ಟ್ ದಿನ ಎಲ್ಲಿದ್ದೆ" ಅಂತ ಬೈಸ್ಕೊಂಡೋಳು ದುಡ್ಡು ಕೊಟ್ರೂ ಬರಲ್ಲ. ನಿಮ್ಮಲ್ಲಿ ಸೀಮಂತ ಕಾರ್ಯಕ್ರಮ ಮಾಡ್ತೀರಲ್ಲ, ಈ ಸಲ ಅತ್ತೆಯರನ್ನ ಹೆಸರು ಹಿಡಿದು ಕರೀರಿ, ಅರಿಶಿನ ಕುಂಕುಮ ಅವರ ಕೈಲೇ ಕೊಡಿಸಿ, ಗಂಡಂದಿರಿಗೆ 9ನೇ ತಾರೀಕಿನ ಹಿಂದಿನ ಸಂಜೆ ನೀವೇ ಒಂದು ಫೋನ್ ಮಾಡಿ. ತೋಟದ ಮನೆ ಹುಡುಗಿ ವಿಷ್ಯ ಮೀಟಿಂಗಲ್ಲಿ ಸೂಪರ್‌ವೈಸರ್ ಹತ್ರ ದೂರ ಎಷ್ಟು ಅಂತ ಸಮೇತ ಎದ್ದು ಹೇಳಿ. ಬೈತಾರೆ ಅಂತ ಸುಮ್ನಿರಬೇಡಿ.