ಮೂರನೇ ವರ್ಷವೂ ಅದೇ ಪೋಸ್ಟರಾ? – ನ್ಯೂಜೆರ್ಸಿ ಓದುಗರಿಗೆ ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಪತ್ರ ಬಂತು. ಪೂರ್ತಿ ಹಾಕೋಕೆ ಜಾಗ ಇಲ್ಲ, ಉಳಿದ ಓದುಗರಿಗೆ ಗೊತ್ತಾಗ್ಲಿ ಅಂತ ಸಾರ ಮಾತ್ರ ಹೇಳ್ತೀನಿ. ನೀವು ಶಿರಸಿ ಕಡೆಯೋರು, ಈಗ ಇರೋದು ನ್ಯೂಜೆರ್ಸೀಲಿ, ಮಗಳು ಐದನೇ ಕ್ಲಾಸು. ಫೆಬ್ರವರಿ ಬಂತು ಅಂದ್ರೆ ಸ್ಕೂಲಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್ (ಅಮೆರಿಕದ ಕಪ್ಪು ಜನರ ಚರಿತ್ರೆ ಓದೋ ತಿಂಗಳು), ಮೂರನೇ ವರ್ಷವೂ ಅವಳಿಗೆ ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಡದ ಕಪ್ಪು ಹೆಂಗಸು ರೋಸಾ ಪಾರ್ಕ್ಸ್ ಪೋಸ್ಟರೇ ಬಂದಿದೆ, ಕತ್ತರಿಸಿ ಅಂಟಿಸೋ ಕೆಲಸ ಎಂದಿನಂತೆ ನಿಮ್ದೇ. "ಸುಮ್ನೆ ಶಾಸ್ತ್ರಕ್ಕೆ ಮಾಡಿಸ್ತಾರೆ, ಅವರ ಚರಿತ್ರೆಗೂ ನಮ್ಗೂ ಏನು ಸಂಬಂಧ?" ಅಂತ ಕೇಳಿದೀರ.

ಶಾಸ್ತ್ರಕ್ಕೆ ಅನ್ನೋದನ್ನ ಒಪ್ಕೊಂಡೆ. ಸಂಬಂಧ ಇಲ್ಲ ಅನ್ನೋದನ್ನ ಮಾತ್ರ ಒಪ್ಪೋಕಾಗಲ್ಲ.

ಈ ಆಚರಣೆ ಶುರು ಮಾಡಿದೋರು ಕಾರ್ಟರ್ ವುಡ್ಸನ್ ಅಂತ. ಅಪ್ಪ ಅಮ್ಮ ಇಬ್ರೂ ಗುಲಾಮರಾಗಿದ್ದೋರು, ಇವರು ಹುಟ್ಟಿದ್ದು 1875ರಲ್ಲಿ, ಕಲ್ಲಿದ್ದಲು ಗಣೀಲಿ ದುಡಿದು ಇಪ್ಪತ್ತರ ವಯಸ್ಸಲ್ಲಿ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮನುಷ್ಯ 1912ಕ್ಕೆ ಹಾರ್ವರ್ಡಲ್ಲಿ ಪಿಎಚ್‌ಡಿ ತಗೊಂಡ್ರು. 1926ರಲ್ಲಿ ಅವರು ಮಾಡಿದ್ದು ಬರೀ ಒಂದು ವಾರ, ನೀಗ್ರೋ ಹಿಸ್ಟರಿ ವೀಕ್, ಲಿಂಕನ್ ಮತ್ತೆ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಸ್ ಇಬ್ಬರ ಹುಟ್ಟುಹಬ್ಬನೂ ಬರೋ ವಾರ. ಡಗ್ಲಸ್‌ಗೆ ತಾನು ಹುಟ್ಟಿದ ದಿನ ಗೊತ್ತೇ ಇರ್ಲಿಲ್ಲ, ಫೆಬ್ರವರಿ 14 ಅಂತ ತಾನೇ ಇಟ್ಕೊಂಡಿದ್ದು. ನಮ್ಮಲ್ಲೂ ಹಳೇ ತಲೆಮಾರಲ್ಲಿ ಅರ್ಧ ಜನದ ಹುಟ್ಟಿದ ದಿನ ಜೂನ್ 1, ಹೆಡ್‌ಮಾಸ್ಟ್ರು ಬರ್ಕೊಂಡಿದ್ದೇ ಡೇಟು, ಅದನ್ನ ಹೇಳ್ಕೊಂಡು ನಗ್ತೀವಿ. ಅಲ್ಲಿ ನಗೋಕೆ ಏನೂ ಇಲ್ಲ, ಯಾಕಂದ್ರೆ ಗುಲಾಮರಿಗೆ ಅವರ ವಯಸ್ಸೂ ತಿಳೀಬಾರ್ದು ಅನ್ನೋದು ಯಜಮಾನರ ಲೆಕ್ಕಾಚಾರ. ಇದೊಂದನ್ನ ಹೇಳಿದ್ರೂ ಸಾಕು, ಹತ್ತು ವರ್ಷದ ಮಗುಗೆ ಗುಲಾಮಗಿರಿ ಅಂದ್ರೇನು ಅಂತ ಪೋಸ್ಟರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ವುಡ್ಸನ್ ಪ್ರಕಾರ ಆ ವಾರ ಅಂದ್ರೆ ವರ್ಷವಿಡೀ ಓದಿದ್ದನ್ನ ತೋರಿಸೋ ಟೈಮು. ಈಗ ಎಷ್ಟೋ ಕಡೆ ಉಲ್ಟಾ ಆಗಿದೆ, ವಾರ ಹೋಗಿ ತಿಂಗಳಾಯ್ತು (1976ರಲ್ಲಿ ಅಧ್ಯಕ್ಷ ಫೋರ್ಡ್ ಅದಕ್ಕೆ ಸರ್ಕಾರಿ ಮನ್ನಣೆ ಕೊಟ್ರು), ಓದು ಮಾತ್ರ ನಾಲ್ಕು ಹೆಸರಿಗೆ ಇಳೀತು. ವಿಜ್ಞಾನದ ಟೀಚರು ಮಣ್ಣಿನ ಪಾಠ ಮಾಡುವಾಗ್ಲೇ ಕಪ್ಪು ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಬಗ್ಗೆ ಹೇಳಬಹುದು, ಹತ್ತಿ ಬೆಳೆದೂ ಬೆಳೆದೂ ಸತ್ವ ಹೋಗಿದ್ದ ಹೊಲದಲ್ಲಿ ಕಡ್ಲೆಕಾಯಿ ಹಾಕಿ ಅಂತ ರೈತರಿಗೆ ಹೇಳಿಕೊಟ್ಟೋರು. ಅದಕ್ಕೆ ಫೆಬ್ರವರಿವರೆಗೂ ಯಾಕೆ ಕಾಯ್ಬೇಕು?

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಸ್ಕೂಲಲ್ಲಿ ಇದನ್ನ ಕಲಿಸಿ ಏನು ಪ್ರಯೋಜನ ಅಂದ್ರಲ್ಲ, ರೋಸಾ ಪಾರ್ಕ್ಸ್ ಬಸ್ಸಲ್ಲಿ ಸೀಟು ಬಿಡದೆ ಕೂತಿದ್ದು ಡಿಸೆಂಬರ್ 1, 1955. ಅದೇ ಊರು ಮಾಂಟ್‌ಗೊಮೆರಿ, ಒಂಬತ್ತು ತಿಂಗಳು ಹಿಂದೆ, ಮಾರ್ಚ್ 2ಕ್ಕೆ, ಕ್ಲಾಡೆಟ್ ಕೋಲ್ವಿನ್ ಅನ್ನೋ ಹದಿನೈದು ವರ್ಷದ ಹುಡುಗಿ ಸ್ಕೂಲಿಂದ ಮನೆಗೆ ಹೋಗ್ತಾ ಇದ್ಲು, ಬಿಳಿ ಹೆಂಗಸಿಗೆ ಸೀಟು ಬಿಡು ಅಂತ ಡ್ರೈವರ್ ಅಂದ, ಇವಳು ಏಳಲಿಲ್ಲ, ಪೊಲೀಸ್ರು ಎಳ್ಕೊಂಡು ಹೋಗಿ ಜೈಲಿಗೆ ಹಾಕಿದ್ರು. ಯಾಕಮ್ಮ ಏಳಲಿಲ್ಲ ಅಂದಾಗೆಲ್ಲ ಅವಳು ಹೇಳ್ತಿದ್ದಿದ್ದು ಒಂದೇ, ಚರಿತ್ರೆ ನನ್ನನ್ನ ಸೀಟಿಗೆ ಅಂಟಿಸಿಬಿಡ್ತು, ಒಂದು ಭುಜ ಹ್ಯಾರಿಯೆಟ್ ಟಬ್‌ಮನ್ ಒತ್ತಿ ಹಿಡಿದ ಹಾಗಿತ್ತು, ಇನ್ನೊಂದನ್ನ ಸೋಜರ್ನರ್ ಟ್ರುತ್. ಇಬ್ರೂ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಅದರ ವಿರುದ್ಧ ಹೋರಾಡಿದ ಕಪ್ಪು ಹೆಂಗಸರು. ಆ ಎರಡು ಹೆಸರು ಅವಳ ತಲೇಲಿ ಬಿಸಿಬಿಸಿ ಇದ್ದಿದ್ದು ಹೇಗೆ? ಅದರ ಹಿಂದಿನ ತಿಂಗಳು, ಫೆಬ್ರವರೀಲಿ, ಅವಳ ಸ್ಕೂಲಲ್ಲಿ ಟೀಚರು ಕಪ್ಪು ಜನರ ಚರಿತ್ರೆ ಪಾಠ ಮಾಡಿದ್ರು ಮೇಡಂ. ಬರೀ ಕಪ್ಪು ಮಕ್ಕಳೇ ಓದೋ ಬೇರೆ ಸ್ಕೂಲು ಅದು.

ಚಳವಳಿಯ ಹಿರೀಕರು ಇವಳನ್ನ ಮುಂದೆ ನಿಲ್ಲಿಸಲಿಲ್ಲ, ಚಿಕ್ಕ ಹುಡುಗಿ, ಆಮೇಲೆ ಮದುವೆಗೆ ಮುಂಚೆ ಬಸುರಿ ಬೇರೆ ಆದ್ಲು, ಜನ ಏನಂತಾರೆ ಅನ್ನೋ ಭಯ. ಆದ್ರೆ ಬಸ್ಸಿನ ಭೇದಭಾವ ಸಂವಿಧಾನಕ್ಕೆ ವಿರುದ್ಧ ಅಂತ 1956ರಲ್ಲಿ ತೀರ್ಪು ಬಂತಲ್ಲ, ಆ ಕೇಸು ಹಾಕಿದ ನಾಲ್ಕು ಹೆಂಗಸರಲ್ಲಿ ಇವಳೂ ಒಬ್ಬಳು, ರೋಸಾ ಪಾರ್ಕ್ಸ್ ಅದರಲ್ಲಿ ಇರ್ಲಿಲ್ಲ! ನಿಮ್ಮ ಮಗಳ ಮೂರೂ ಪೋಸ್ಟರಲ್ಲಿ ಈ ಹುಡುಗಿಗೆ ಜಾಗ ಸಿಕ್ಕಿಲ್ಲ ಅನ್ನೋದೇ ನನ್ನ ತಕರಾರು.

ಇನ್ನು ನಮ್ಗೇನು ಸಂಬಂಧ ಅನ್ನೋದು. 1946ರ ಕಾನೂನಲ್ಲಿ ಇಡೀ ಇಂಡಿಯಾದಿಂದ ಅಮೆರಿಕಕ್ಕೆ ವಲಸೆ ಹೋಗೋಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ಆ ಹಳೇ ಪದ್ಧತಿ ಹೋಗಿದ್ದು 1965ರಲ್ಲಿ, ಸಿವಿಲ್ ರೈಟ್ಸ್ ಕಾಯ್ದೆ ಬಂದ ಮಾರನೇ ವರ್ಷ, ಬಣ್ಣ ಹುಟ್ಟು ನೋಡಿ ಮನುಷ್ಯರನ್ನ ಅಳೀಬಾರ್ದು ಅಂತ ಬೀದೀಲಿ ಒದೆ ತಿಂದೋರು ಎಬ್ಬಿಸಿದ ಅದೇ ಅಲೇಲಿ. ನಿಮ್ಮ ಯಜಮಾನ್ರ ಗ್ರೀನ್ ಕಾರ್ಡ್‌ಗೆ ಕ್ಯೂ ನಿಲ್ಲೋಕೆ ಆ ಬಾಗಿಲು ಮೊದ್ಲು ತೆರೀಬೇಕಿತ್ತು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಶಿರಸಿ ಅಂದಮೇಲೆ ಯಲ್ಲಾಪುರ, ಮುಂಡಗೋಡ, ಹಳಿಯಾಳದ ಸಿದ್ದಿ ಜನ ನಿಮ್ಗೆ ಹೊಸಬರಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದೋರಲ್ಲಿ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದೋರ ಮಕ್ಕಳು ಮರಿಮಕ್ಕಳು ಅವರಲ್ಲಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರೋಕೆ 2003ರ ತನಕ ಕಾದ್ರು, ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ. ನಾನು ಓದಿದ ಸ್ಕೂಲಲ್ಲಂತೂ ಅವರ ಬಗ್ಗೆ ಒಂದು ಸಾಲೂ ಹೇಳ್ಲಿಲ್ಲ, ವಿಜಯಪುರದಲ್ಲಿ ಆದಿಲ್ ಶಾಹಿ ಸುಲ್ತಾನನ ದೊಡ್ಡ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು ಅನ್ನೋದು ನನಗೆ ಗೊತ್ತಾಗಿದ್ದೇ ಈ ಕುರ್ಚಿಗೆ ಬಂದಮೇಲೆ.

ಹಾಗಾಗಿ ಈ ಸಲ ಟೀಚರಿಗೆ ಒಂದು ಮೇಲ್ ಹಾಕಿ, ರೋಸಾ ಪಾರ್ಕ್ಸ್ ಪಕ್ಕದಲ್ಲಿ ಕ್ಲಾಡೆಟ್‌ಗೂ ಜಾಗ ಕೊಡ್ತೀವಿ ಅಂತ ಕೇಳಿ, ಬೇಡ ಅನ್ನಲ್ಲ ಅನ್ಸುತ್ತೆ. ರಜಕ್ಕೆ ಊರಿಗೆ ಬಂದಾಗ ಮಗಳನ್ನ ಯಲ್ಲಾಪುರದ ಕಡೆ ಕರ್ಕೊಂಡು ಹೋಗಿ, ಸಿದ್ದಿ ಹೆಂಗಸರು ಹಳೇ ಬಟ್ಟೆ ತುಂಡು ಸೇರಿಸಿ ಹೊಲಿಯೋ ಕೌದಿ ತೋರಿಸಿ, ಒಂದು ತಗೊಳ್ಳಿ, ಚೌಕಾಸಿ ಮಾಡ್ಬೇಡಿ. ಪೋಸ್ಟರ್ ಆದಮೇಲೆ ಫೋಟೋ ಕಳ್ಸಿ, ಮಕ್ಕಳ ಪುಟದಲ್ಲಿ ಹಾಕೋಣ.

– ಸಂ.